ದೀಪಕ್ಕೊಂದು ನಮಸ್ಕಾರ

ಮುಸ್ಸಂಜೆಯಲ್ಲಿ ದೀಪ ಹೊತ್ತಿಸಿದೊಡನೆ ಕೈಮುಗಿಯುವುದು ನಮ್ಮ ಹಿರಿಯರ ರೂಢಿ. ಎಣ್ಣೆಯ ದೀಪ ಹೋಗಿ ವಿದ್ಯುದ್ದೀಪ ಬಂದ ಮೇಲೂ ಎಷ್ಟೋ ಮನೆಗಳಲ್ಲಿ ಅಜ್ಜಿಯರು ಗುಂಡಿಯೊತ್ತಿ ಬಲ್ಬಿಗೇ ಕೈಮುಗಿಯುವುದನ್ನು ಓದುಗರು ಕಂಡಿರಬಹುದು. ಕಾಲೇಜಿನ ಹುಡುಗರಿಗೆ ಇದು ನಗೆಯ ವಿಷಯ. ಗಾಜಿನ ಬುರುಡೆಗೆ ನಮಸ್ಕಾರವೇಕೆ ಎಂದು ಅವರು ಕೇಳುತ್ತಾರೆ. ನನಗೆ ಇದರ ಉತ್ತರ ದೊರೆತದ್ದು 2019ರ ಆಗಸ್ಟಿನಲ್ಲಿ, ಸಾಗರದ ಕಡೆಯ ಒಂದು ಹಳ್ಳಿಯ ಕತ್ತಲೆಯಲ್ಲಿ.

ಆ ವರ್ಷದ ಆಶ್ಲೇಷಾ ಮಳೆಯನ್ನು ಮಲೆನಾಡಿನವರು ಮರೆತಿಲ್ಲ. ನಾನು ಅಕ್ಕನ ಮನೆಗೆ ಹೋದ ದಿನವೇ ಗಾಳಿಯೆದ್ದಿತು. ರಾತ್ರಿ ದೀಪ ಹೋದದ್ದು ಐದು ದಿನ ಬರಲಿಲ್ಲ. ಆ ಸೀಮೆಯಲ್ಲಿ ವಿದ್ಯುತ್ತಿನ ತಂತಿಗಳು ಕಾಡಿನ ನಡುವೆ ಹಾಯುತ್ತವೆ. ವಾರಗಟ್ಟಲೆ ನೀರು ಕುಡಿದ ನೆಲದಲ್ಲಿ ಬೇರು ಸಡಿಲಾದ ಮರ, ಬೀಳುವಾಗ ಕಂಬವನ್ನೂ ಜೊತೆಗೂಡಿಸಿಕೊಂಡೇ ಬೀಳುತ್ತದೆ.

ಪಂಪು ನಿಂತುದರಿಂದ ಬಾವಿಗೆ ಹಗ್ಗ ಇಳಿಯಿತು. ಮೂಲೆ ಸೇರಿದ್ದ ಒರಳುಕಲ್ಲು ಮತ್ತೆ ತಿರುಗಿತು. ಅಡಕೆಗೆ ಕೊಳೆರೋಗ ತಗಲೀತೆಂದು ಭಾವನವರು ತೋಟದ ಕಡೆ ನೋಡುತ್ತ ನಿಟ್ಟುಸಿರಿಡುತ್ತಿದ್ದರು. ಸಂಜೆ ಜಗಲಿಯಲ್ಲಿ ಒಂದೇ ಲಾಟೀನು. ಎಣ್ಣೆಯನ್ನು ಅಳೆದು ಹಾಕುವಾಗ ಬೆಳಕಿಗೂ ಒಂದು ಬೆಲೆಯಿದೆಯೆಂಬುದು ಕೈಗೇ ತಿಳಿಯುತ್ತದೆ. ಗುಂಡಿಯೊತ್ತುವ ಬೆರಳಿಗೆ ಆ ತಿಳಿವಿಲ್ಲ.

ಆ ಲಾಟೀನಿನ ಸುತ್ತ ಅಕ್ಕನ ಅತ್ತೆ ತಮ್ಮ ತವರಿನ ಕಥೆ ಹೇಳಿದರು. ಅದು ಶರಾವತಿಯ ದಂಡೆಯ ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಗದ್ದೆ, ತೋಟ, ಮನೆಗಳೆಲ್ಲ ಹಿನ್ನೀರಿನಡಿ ಸೇರಿದವು. ದನಕರುಗಳೊಡನೆ ಹೊರಟ ಜನ ಬೇರೆ ಬೇರೆ ಕಾಡುಗಳಲ್ಲಿ ನೆಲೆ ನಿಂತರು. ನಾಡಿಗೆಲ್ಲ ಬೆಳಕು ಕೊಟ್ಟ ಆ ಕುಟುಂಬಗಳಲ್ಲಿ ಎಷ್ಟೋ ಮಂದಿ ವರ್ಷಾನುಗಟ್ಟಲೆ ಚಿಮಣಿ ಬುಡ್ಡಿಯ ಬೆಳಕಿನಲ್ಲೇ ಬದುಕಿದರು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ಕಠೋರವಾದ ಅರ್ಥವಿವರಣೆಯನ್ನು ನಾನು ಕೇಳಿಲ್ಲ. ಆದರೆ ಆಕೆಯ ದನಿಯಲ್ಲಿ ಕಹಿಯಿರಲಿಲ್ಲ.

ಐದನೆಯ ದಿನ ಗದ್ದೆಯ ಅಂಚಿನಲ್ಲಿ ಮೂವರು ಲೈನ್‌ಮನ್ನರು ಕಾಣಿಸಿದರು. ಹೆಗಲಲ್ಲಿ ಹಗ್ಗ, ಕೈಯಲ್ಲಿ ಕತ್ತಿ. ಬೆಳಗಿನಿಂದ ಕಾಡಿನಲ್ಲಿ ಬಿದ್ದ ಮರ ಕಡಿದು ಬಂದವರ ಕಾಲ ತುಂಬ ಉಂಬಳ. ಅತ್ತೆಯವರು ಉಪ್ಪು ತಂದು ಕೊಟ್ಟು, ಜಗಲಿಯಲ್ಲಿ ಕೂರಿಸಿ ಬಿಸಿ ಗಂಜಿ ಬಡಿಸಿದರು. “ಸುರಿಯೋ ಮಳೇಲಿ ನಮಗಾಗಿ ಬಂದ್ರಲ್ಲ” ಎಂದಷ್ಟೇ ಹೇಳಿದರು. ಅಂದು ಸಂಜೆ ಬಲ್ಬು ಹೊತ್ತಿತು. ಆಕೆ ಅದಕ್ಕೆ ಕೈಮುಗಿದರು. ಏಕಮ್ಮ ಎಂದು ಕೇಳಿದೆ.

“ನಮ್ಮ ಗದ್ದೆ ಮೇಲೆ ನಿಂತ ನೀರೇ ಅಲ್ವಾ ತಮ್ಮಾ, ಇದನ್ನ ಉರಿಸೋದು?”

ಎಂಜಿನಿಯರುಗಳ ಲೆಕ್ಕಕ್ಕೆ ಈ ಮಾತು ಪೂರ್ತಿಯಾಗಿ ನಿಲ್ಲದು. ಹಲವು ನದಿಗಳ, ಕಲ್ಲಿದ್ದಲಿನ, ಗಾಳಿಯ ವಿದ್ಯುತ್ತು ಒಂದೇ ಜಾಲದಲ್ಲಿ ಬೆರೆತು ಹರಿಯುತ್ತದೆ. ಕೃತಜ್ಞತೆಗೆ ಆ ಲೆಕ್ಕ ಬೇಕಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ವಿದ್ಯುತ್ತು ಹರಿದುದನ್ನು ನಾವು ತರಗತಿಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಬೆಳಕಿನ ಹಾದಿಯಲ್ಲಿ ನೆಲ ಕಳೆದುಕೊಂಡವರ ಹೆಸರು ನಮ್ಮ ಪಾಠಗಳಲ್ಲಿಲ್ಲ.

ಶ್ರದ್ಧೆ ಎಂಬ ಪದವನ್ನು ನಾನು ಅನೇಕ ವರ್ಷಗಳಿಂದ ವಿದ್ಯಾರ್ಥಿಗಳಿಗೆ ವಿವರಿಸುತ್ತ ಬಂದಿದ್ದೇನೆ. ಹರಿದ ತಂತಿಯ ಕಡೆಗೆ ಮಳೆಯಲ್ಲಿ ಯಾರೋ ನಡೆದು ಬರುತ್ತಿದ್ದಾರೆಂದು ಕತ್ತಲಲ್ಲಿ ಕುಳಿತು ನಂಬುವುದೂ ಶ್ರದ್ಧೆಯೇ. ಅವರು ಬಂದಾಗ ಗಂಜಿ ಬಡಿಸುವುದು, ಬರಲು ಕಾರಣರಾದ ಕಾಣದ ಜನರಿಗೆ ಕೈಮುಗಿಯುವುದು ಅದರ ಆಚರಣೆ. ದೇವರನ್ನು ನಂಬುವವರಿಗೂ ನಂಬದವರಿಗೂ ಸಲ್ಲುವ ನಮಸ್ಕಾರ ಅದು.