ನಿಮಗಿದು ಗೊತ್ತೆ? ಬಿಳಿ ಮರಿ ಕೊಳ್ಳುವ ಮುನ್ನ ಚಪ್ಪಾಳೆ ತಟ್ಟಿ!

ಹೊಸೂರು, ಕೃಷ್ಣಗಿರಿ ಕಡೆಯ ತೋಟದ ಮನೆಗೆ ಕಾವಲುನಾಯಿ ಬೇಕೆ? ತಮಿಳುನಾಡಿನದೇ ತಳಿ ರಾಜಪಾಳಯಂ ಇದೆ. ಮೈ ಹಾಲುಬಿಳುಪು, ಮೂಗು ಗುಲಾಬಿ. 2005ರಲ್ಲಿ ನಮ್ಮ ಮುಧೋಳ ನಾಯಿಯ ಜತೆಗೇ ಇದೂ ಅಂಚೆಚೀಟಿ ಏರಿತು.

● ಈ ತಳಿಯಲ್ಲಿ ಕೆಲವು ಮರಿಗಳು ಹುಟ್ಟುಕಿವುಡು. ಮರಿಯನ್ನು ಒಡಹುಟ್ಟುಗಳಿಂದ ದೂರ ಬಿಟ್ಟು, ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿ. ಕಿವಿ ನಿಮಿರದಿದ್ದರೆ, ತಿರುಗಿ ನೋಡದಿದ್ದರೆ ಪಶುವೈದ್ಯರಿಗೆ ತೋರಿಸಿ.

● 8 ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬೇಡಿ.

● 3 ತಿಂಗಳಿಗೆ ರೇಬಿಸ್ ಲಸಿಕೆ ಹಾಕಿಸಿ. ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷವೂ ತಪ್ಪಿಸಬೇಡಿ.

● ಕೃಷ್ಣಗಿರಿ ಮಾವಿನ ಸೀಮೆ. ಹಣ್ಣು ತಿಂದು ವಾಟೆಯನ್ನು ಅಂಗಳಕ್ಕೆ ಎಸೆಯಬೇಡಿ. ನಾಯಿ ನುಂಗಿದರೆ ಕರುಳಿಗೆ ಅಡ್ಡ ಸಿಕ್ಕಿಕೊಂಡು ಆಪರೇಷನ್ನೇ ಬೇಕಾದೀತು!