ಬೆಂಗಳೂರಿನಲ್ಲಿ ತಂಗುವುದೆಲ್ಲಿ?

ಹಾರನಹಳ್ಳಿಯ ವರ್ತಕರು ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದಾಗ, ಬಾಡಿಗೆ ಕಡಿಮೆಯೆಂದು ದೂರದ ಬಡಾವಣೆಯಲ್ಲಿ ಕೊಠಡಿ ಹಿಡಿಯುವುದುಂಟು. ಆ ಉಳಿತಾಯವು ಆಟೋ ಖರ್ಚಿನಲ್ಲಿ ಕರಗುವುದಲ್ಲದೆ, ಅರ್ಧ ದಿನದ ವ್ಯವಹಾರವೂ ಕೈತಪ್ಪುತ್ತದೆ.

ಆದುದರಿಂದ ಕೆಲಸವಿರುವ ಪೇಟೆಯನ್ನನುಸರಿಸಿ ತಂಗುವ ಸ್ಥಳವನ್ನು ಆರಿಸುವುದು ಲೇಸು. ಚಿಕ್ಕಪೇಟೆಯಲ್ಲಿ ಜವಳಿ ಖರೀದಿಸುವವರಿಗೆ ಮೆಜೆಸ್ಟಿಕ್ ಬಳಿಯ ಗಾಂಧಿನಗರ ಅನುಕೂಲ. ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರು ಮೆಜೆಸ್ಟಿಕ್‌ವರೆಗೆ ಸಾಗದೆ, ಅನೇಕ ರೈಲುಗಳು ನಿಲ್ಲುವ ಯಶವಂತಪುರದಲ್ಲಿಯೇ ಇಳಿದು ತಂಗಬಹುದು. ಎರಡೂ ಕಡೆ ಕೆಲಸವಿದ್ದರೆ ಮೆಟ್ರೋದ ಹಸಿರು ಮಾರ್ಗವು ಪೀಣ್ಯ, ಯಶವಂತಪುರ, ಮೆಜೆಸ್ಟಿಕ್, ಚಿಕ್ಕಪೇಟೆಗಳನ್ನು ಜೋಡಿಸುತ್ತದೆ.

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೊಠಡಿಗೆ ಜಿಎಸ್‌ಟಿ ಶೇ. 5ಕ್ಕೆ ಇಳಿದಿದೆ. ಸಂಸ್ಥೆಯ ಹೆಸರು, ಜಿಎಸ್‌ಟಿ ಸಂಖ್ಯೆ ನಮೂದಿಸಿದ ಬಿಲ್ಲನ್ನು ತಪ್ಪದೆ ಪಡೆಯಿರಿ. ಬಾಡಿಗೆ, ತೆರಿಗೆ, ಪ್ರಯಾಣ, ಸಮಯ ಇವೆಲ್ಲವನ್ನೂ ಕೂಡಿಸಿದ ಮೊತ್ತವೇ ತಂಗಿದ್ದರ ನಿಜವಾದ ವೆಚ್ಚ.