ಕಳೆ ಯಂತ್ರಕ್ಕೆ ರಜೆ: ಮೊದಲು ಟ್ಯಾಂಕ್ ಬರಿದಾಗಲಿ

ಮಳೆಗಾಲ ಮುಗಿದು ಕೊನೆಯ ಸುತ್ತಿನ ಕಳೆ ಸವರಿದ ಮೇಲೆ ಮಲೆನಾಡು, ಕರಾವಳಿಯ ಅಡಕೆ ತೋಟಗಳಲ್ಲಿ ವೀಡ್ ಕಟರ್ ಕೊಟ್ಟಿಗೆಯ ಮೂಲೆ ಸೇರುತ್ತದೆ. ಮತ್ತೆ ಅದರ ನೆನಪಾಗುವುದು ಜೂನ್‌ನಲ್ಲಿ. ಆಗ ಹಗ್ಗ ಎಷ್ಟು ಎಳೆದರೂ ಎಂಜಿನ್ ಚಾಲೂ ಆಗದು.

ಇದಕ್ಕೆ ಸಾಮಾನ್ಯ ಕಾರಣ ಟ್ಯಾಂಕ್‌ನಲ್ಲಿ ಉಳಿದ ಪೆಟ್ರೋಲ್. ಅದರ ಹಗುರ ಅಂಶ ಆವಿಯಾಗಿ, ಉಳಿದದ್ದು ಅಂಟಾಗಿ ಕಾರ್ಬ್ಯುರೇಟರ್‌ನ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ದೇಶದಲ್ಲಿ ಪೆಟ್ರೋಲ್‌ಗೆ ಬೆರೆಸುವ ಎಥೆನಾಲ್ 2022ರಲ್ಲಿ ಶೇ 10, 2025ರಲ್ಲಿ ಶೇ 20 ತಲುಪಿದ್ದು, ಎಚ್ಚರಿಕೆ ಇನ್ನಷ್ಟು ಅಗತ್ಯ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ನೀರಿನಂಶ ಮಿತಿ ಮೀರಿದರೆ ಎರಡೂ ಪೆಟ್ರೋಲ್‌ನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಎಂಜಿನ್ ಮೊದಲು ಹೀರುವುದು ಆ ತಳದ ದ್ರವವನ್ನೇ. ಟೂ ಸ್ಟ್ರೋಕ್ ಎಂಜಿನ್ನಿನ ಪಿಸ್ಟನ್ ಕಾಯುವ 2ಟಿ ಆಯಿಲ್ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಪಿಸ್ಟನ್ ಉಜ್ಜಿ ಹೋದರೆ ದುರಸ್ತಿಯ ವೆಚ್ಚ ಸಣ್ಣದಲ್ಲ.

ಆದ್ದರಿಂದ ಎಂಜಿನ್ ತಣಿದ ಬಳಿಕ, ಬಯಲಿನಲ್ಲಿ, ಟ್ಯಾಂಕ್ ಪೂರ್ತಿ ಬರಿದು ಮಾಡಬೇಕು. ನಂತರ ಎಂಜಿನ್ ಚಾಲೂ ಮಾಡಿ, ತಾನಾಗಿ ನಿಲ್ಲುವವರೆಗೆ ಬಿಡಬೇಕು. ಆಗಷ್ಟೇ ಕಾರ್ಬ್ಯುರೇಟರ್ ಖಾಲಿಯಾಗುವುದು. ಬಹುತೇಕರು ಮರೆಯುವುದು ಇದನ್ನೇ. ಮತ್ತೆ ತಣಿದಾಗ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದು ಸಣ್ಣ ಚಮಚ 2ಟಿ ಆಯಿಲ್ ಬಿಟ್ಟು, ಹಗ್ಗವನ್ನು ಎರಡು ಮೂರು ಬಾರಿ ನಿಧಾನವಾಗಿ ಎಳೆದು ಪ್ಲಗ್ ಕೂರಿಸಬೇಕು. ಏರ್ ಫಿಲ್ಟರ್ ಶುಚಿ ಮಾಡಿ, ಬ್ಲೇಡಿಗೆ ಎಣ್ಣೆ ಸವರಿದರಾಯಿತು.

ದೀಪಾವಳಿಗೆ ಊರಿಗೆ ಹೋಗುವ ನಗರವಾಸಿಗಳು ಅರ್ಧ ಗಂಟೆಯಲ್ಲಿ ಮುಗಿಸಬಹುದಾದ ಕೆಲಸವಿದು. ಹೊರತೆಗೆದ ಪೆಟ್ರೋಲ್ ಮಾತ್ರ ಜೂನ್‌ವರೆಗೆ ಕ್ಯಾನ್‌ನಲ್ಲಿ ಇಡುವುದು ಬೇಡ, ಚರಂಡಿಗೂ ಸುರಿಯುವುದು ಬೇಡ. ಕಳೆ ಸವರುವುದು ಬಾಕಿಯಿರುವ ನೆರೆಯವರಿಗೆ ಕೊಟ್ಟರೆ ಬಳಕೆಯಾದೀತು.